ಪುಸ್ತಕ ಇದೆ, ಹುಡುಕಿದರೆ ಸಿಗ್ತಿಲ್ಲ: ಲೈಬ್ರರಿ ಕ್ಯಾಟಲಾಗ್ ಹುಡುಕಾಟದ ದೋಷ ನಿವಾರಣೆ

ಕ್ಯಾಟಲಾಗ್‌ನಲ್ಲಿ ಒಂದು ಪದ ಹಾಕುತ್ತೀರಿ. ‘ಯಾವ ಫಲಿತಾಂಶವೂ ಇಲ್ಲ’ ಎಂದು ಬರುತ್ತದೆ. ‘ಈ ಲೈಬ್ರರೀಲಿ ಏನೂ ಇಲ್ಲ ಬಿಡಿ’ ಎಂದು ಹೆಚ್ಚಿನವರು ಅಲ್ಲಿಗೇ ಎದ್ದು ಹೋಗುತ್ತಾರೆ. ಆದರೆ ಆ ಉತ್ತರಕ್ಕೆ ಅಷ್ಟು ದೊಡ್ಡ ಅರ್ಥ ಇಲ್ಲ. ನೀವು ಟೈಪ್ ಮಾಡಿದ್ದು ದಾಖಲೆಯಲ್ಲಿ ಇರುವುದಕ್ಕೆ ಹೊಂದಲಿಲ್ಲ, ಅಷ್ಟೇ. ದಾಖಲೆ ಮಾಡಿದವರು ಯಾವ ಕಾಲದಲ್ಲಿ, ಯಾವ ಲಿಪಿಯಲ್ಲಿ, ಯಾವ ನಿಯಮ ಹಿಡಿದು ಟೈಪ್ ಮಾಡಿದರು ಎಂದು ಊಹಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಉದಾಹರಣೆಗೆ ಒಂದು ವಿಷಯ ಇಟ್ಟುಕೊಳ್ಳೋಣ: ಹಳೇ ಮೈಸೂರು ಸೀಮೆಯ ಕೆರೆಗಳು. ಇದರ ಬಗ್ಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರಹ ಇದೆ. ಶಾಸನ, ಗೆಜೆಟಿಯರ್, ಪಿಎಚ್‌ಡಿ ಪ್ರಬಂಧ, ಜರ್ನಲ್ ಲೇಖನ ಎಲ್ಲ ಇದೆ. ಹುಡುಕಾಟದಲ್ಲಿ ಬರುವ ದೋಷಗಳೂ ಇದರಲ್ಲಿ ಹೆಚ್ಚು ಕಡಿಮೆ ಎಲ್ಲವೂ ಸಿಗುತ್ತವೆ.

ಒಂದು ನಿಯಮ ಮೊದಲೇ ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಪದ, ಫೀಲ್ಡ್ (ಶೀರ್ಷಿಕೆ, ಲೇಖಕ ಥರದ ಹುಡುಕುವ ಖಾನೆ), ಫಿಲ್ಟರ್ ಮೂರನ್ನೂ ಒಟ್ಟಿಗೆ ಬದಲಿಸಿದಾಗ ಫಲಿತಾಂಶ ಬಂದರೂ ಯಾವುದರಿಂದ ಬಂತು ಎಂದು ಗೊತ್ತಾಗುವುದಿಲ್ಲ. ನಾಳೆ ಮತ್ತೆ ಅದೇ ಪಾಡು.

ಮೊದಲ ಪರೀಕ್ಷೆ: ಇರುವ ಪುಸ್ತಕವನ್ನೇ ಹುಡುಕಿ

ಆ ಲೈಬ್ರರಿಯಲ್ಲಿ ಇದೆ ಎಂದು ಖಚಿತವಾಗಿ ಗೊತ್ತಿರುವ ಒಂದು ಕನ್ನಡ ಪುಸ್ತಕ ಆರಿಸಿ. ಕಪಾಟಿನಿಂದ ಕೈಗೆ ಸಿಕ್ಕ ಯಾವುದಾದರೂ ಆದೀತು. ಅದರ ಹೆಸರನ್ನು ಕ್ಯಾಟಲಾಗ್‌ನಲ್ಲಿ ಹಾಕಿ.

ಅದೂ ಸಿಗದಿದ್ದರೆ ದೋಷ ನಿಮ್ಮ ವಿಷಯದಲ್ಲಿಲ್ಲ. ವ್ಯವಸ್ಥೆಯಲ್ಲಿದೆ, ಅಥವಾ ನೀವು ಬಳಸುತ್ತಿರುವ ಲಿಪಿಯಲ್ಲಿದೆ. ಸಿಕ್ಕರೆ ಆ ದಾಖಲೆಯನ್ನು ತೆರೆದು ಸ್ವಲ್ಪ ಹೊತ್ತು ನೋಡಿ. ಹೆಸರು ಕನ್ನಡ ಲಿಪಿಯಲ್ಲಿದೆಯಾ, ಇಂಗ್ಲಿಷ್ ಅಕ್ಷರಗಳಲ್ಲಿದೆಯಾ? ಲೇಖಕರ ಇನಿಷಿಯಲ್ ಹೇಗೆ ಬರೆದಿದ್ದಾರೆ? ವಿಷಯ ಎಂಬ ಸಾಲಿನಲ್ಲಿ ಏನಿದೆ? ಆ ಲೈಬ್ರರಿಯವರ ಅಭ್ಯಾಸ ಒಂದೇ ದಾಖಲೆಯಲ್ಲಿ ತಿಳಿಯುತ್ತದೆ. ಕನ್ನಡ ಪುಸ್ತಕಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ತುಂಬಿಸಿರುವ ಕಾಲೇಜು ಲೈಬ್ರರಿಗಳು ಕಡಿಮೆ ಏನಿಲ್ಲ. ಅಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಕೂತರೆ ಸಂಜೆಯಾದರೂ ಏನೂ ಬರುವುದಿಲ್ಲ.

ಜೊತೆಗೆ ಇನ್ನು ಮೂರು ಸಣ್ಣ ವಿಷಯ ನೋಡಿಕೊಳ್ಳಿ. ಹಿಂದೆ ಕೂತವರು ಹಾಕಿದ ಫಿಲ್ಟರ್ ಹಾಗೇ ಉಳಿದಿರಬಹುದು. ವರ್ಷ, ಭಾಷೆ, ಶಾಖೆ ಎಲ್ಲ ತೆಗೆದುಹಾಕಿ. ಎರಡನೆಯದು, ನೀವು ಲೇಖನ ಹುಡುಕುತ್ತಿದ್ದೀರಾ? ಲೈಬ್ರರಿ ಕ್ಯಾಟಲಾಗ್‌ನಲ್ಲಿ ಸಾಮಾನ್ಯವಾಗಿ ಪತ್ರಿಕೆಯ ಹೆಸರು ಇರುತ್ತದೆ, ಅದರೊಳಗಿನ ಲೇಖನದ ಹೆಸರು ಇರುವುದಿಲ್ಲ. ‘ಪ್ರಬುದ್ಧ ಕರ್ನಾಟಕ’ದಲ್ಲಿ ಬಂದ ಲೇಖನ ಬೇಕಾದರೆ ಮೊದಲು ಪತ್ರಿಕೆಯನ್ನೇ ಹುಡುಕಿ, ಆಮೇಲೆ ಸಂಪುಟ ತೆಗೆಸಿ ನೋಡಬೇಕು. ಮೂರನೆಯದು, ಲೈಬ್ರರಿಯ ಹಳೆಯ ಸಂಗ್ರಹ ಪೂರ್ತಿ ಕಂಪ್ಯೂಟರಿಗೆ ಏರಿದೆಯಾ ಎಂದು ಕೌಂಟರ್‌ನಲ್ಲಿ ಕೇಳಿ. ಎಷ್ಟೋ ಕಡೆ ಹಳೆಯ ಪುಸ್ತಕಗಳು ಇನ್ನೂ ಕಾರ್ಡ್ ಡ್ರಾಯರ್‌ನಲ್ಲೇ ಇವೆ.

ಲಕ್ಷಣ 1: ಕನ್ನಡದಲ್ಲಿ ಟೈಪ್ ಮಾಡಿದರೆ ಸೊನ್ನೆ

ಇದಕ್ಕೆ ಕಾರಣ ಹಲವು. ಜಾಸ್ತಿ ಕಾಡುವುದರಿಂದ ಶುರು ಮಾಡುತ್ತೇನೆ.

*ವಿಭಕ್ತಿ.* ನೀವು ‘ಕೆರೆ’ ಎಂದು ಹಾಕಿದಿರಿ. ಪುಸ್ತಕದ ಹೆಸರಿನಲ್ಲಿ ಇರುವುದು ‘ಕೆರೆಗಳು’, ‘ಕೆರೆಯ’, ಅಥವಾ ‘ಕೆರೆಕಟ್ಟೆಗಳ’. ಇಂಗ್ಲಿಷಿನ ಬಹುವಚನವನ್ನು ತಾನೇ ಹೊಂದಿಸಿಕೊಳ್ಳುವ ಡೇಟಾಬೇಸ್‌ಗಳಿವೆ. ಕನ್ನಡಕ್ಕೆ ಆ ಅನುಕೂಲ ಬಹುತೇಕ ಕಡೆ ಇಲ್ಲ. ಹಾಗಾಗಿ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ: ಕೆರೆ*. ಆ ಚಿಹ್ನೆಯ ಅರ್ಥ ‘ಇಲ್ಲಿಂದ ಮುಂದೆ ಏನಾದರೂ ಇರಲಿ’ ಎಂದು.

ಆದರೆ ಎಲ್ಲಿ ಕತ್ತರಿಸಬೇಕು ಎನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ. ‘ನೀರು*’ ಎಂದು ಹಾಕಿದರೆ ‘ನೀರಿನ’ ಸಿಗುವುದಿಲ್ಲ, ‘ನೀರಾವರಿ’ಯೂ ಸಿಗುವುದಿಲ್ಲ. ಯಾಕೆಂದರೆ ಕಂಪ್ಯೂಟರಿಗೆ ‘ರು’ ಎಂದರೆ ಎರಡು ಗುರುತು: ಒಂದು ರ, ಇನ್ನೊಂದು ಅದರ ಕೊಂಬು. ‘ರಿ’ಯಲ್ಲಿ ಆ ಕೊಂಬಿನ ಜಾಗದಲ್ಲಿ ಗುಡಿಸು ಇದೆ. ಕೊಂಬನ್ನು ತೆಗೆದು ‘ನೀರ*’ ಎಂದು ಹಾಕಿ. ನೀರು, ನೀರಿನ, ನೀರಾವರಿ ಮೂರೂ ಬರುತ್ತವೆ. ‘ನೀರಜಾ’ ಎಂಬ ಲೇಖಕಿಯೂ ಬರಬಹುದು, ಅಷ್ಟು ಸಹಿಸಿಕೊಳ್ಳಿ. ಇದೇ ರೀತಿ ಊರು ಬೇಕಿದ್ದರೆ ‘ಊರ*’, ಕಾಡು ಬೇಕಿದ್ದರೆ ‘ಕಾಡ*’. ಉಕಾರದಲ್ಲಿ ಮುಗಿಯುವ ಪದಗಳನ್ನೆಲ್ಲ ಹೀಗೇ ಕತ್ತರಿಸಿ. ಇದೊಂದು ಅಭ್ಯಾಸವಾದರೆ ಕನ್ನಡ ಹುಡುಕಾಟದ ಅರ್ಧ ತಲೆನೋವು ಹೋಗುತ್ತದೆ.

*ಸಂಧಿ.* ‘ಕನ್ನಡ’ ಎಂದು ಹುಡುಕಿದವರಿಗೆ ‘ಹೊಸಗನ್ನಡ’, ‘ಹಳೆಗನ್ನಡ’ ಸಿಗುವುದಿಲ್ಲ. ಅಲ್ಲಿ ಕಕಾರ ಹೋಗಿ ಗಕಾರ ಬಂದಿದೆ, ಶಾಲೆಯಲ್ಲಿ ಓದಿದ ಆದೇಶ ಸಂಧಿ. ಕೆರೆಯದೂ ಇದೇ ಕಥೆ. ಅರಸೀಕೆರೆಯಲ್ಲಿ ಕೆರೆ ಹಾಗೇ ಇದೆ, ಹೆಗ್ಗೆರೆಯಲ್ಲಿ ‘ಗೆರೆ’ ಆಗಿದೆ. ಪದದ ಶುರುವಿನಲ್ಲಿ ನಕ್ಷತ್ರ ಹಾಕಲು ಬಹುತೇಕ ವ್ಯವಸ್ಥೆಗಳು ಬಿಡುವುದಿಲ್ಲ. ಆದ್ದರಿಂದ ಇಂಥ ಜೋಡುಪದಗಳನ್ನು ನೀವೇ ಪಟ್ಟಿ ಮಾಡಿ ಬೇರೆ ಬೇರೆಯಾಗಿ ಹಾಕಬೇಕು.

*ಕಾಗುಣಿತದ ಭೇದ.* ‘ವಿಶ್ವವಿದ್ಯಾಲಯ’ವೋ ‘ವಿಶ್ವವಿದ್ಯಾನಿಲಯ’ವೋ? ಎರಡೂ ಬಳಕೆಯಲ್ಲಿವೆ, ಎರಡೂ ಪ್ರಕಾಶಕರ ಹೆಸರಿನಲ್ಲಿ ಬರುತ್ತವೆ. ‘ವಿಶ್ವವಿದ್ಯಾ*’ ಎಂದು ಹಾಕಿ ಮುಗಿಸಿ. ‘ಕರ್ನಾಟಕ’ಕ್ಕೆ ಹಳೆಯ ಮುದ್ರಣಗಳಲ್ಲಿ ‘ಕರ್ಣಾಟಕ’ ಎಂದಿರುತ್ತದೆ. ಈಗಿನ ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಶುರುವಾದಾಗ ಅದರ ಹೆಸರು ಕರ್ಣಾಟಕ ಸಾಹಿತ್ಯ ಪರಿಷತ್ತು. ಆ ಕಾಲದ ಪ್ರಕಟಣೆ ಹುಡುಕುವವರು ಣಕಾರದಲ್ಲೂ ಒಮ್ಮೆ ನೋಡಬೇಕು. ವರ್ಷಕ್ಕೂ ಇದೇ ಮಾತು. ಶೀರ್ಷಿಕೆಯಲ್ಲಿ ‘೧೯೫೬’ ಎಂದು ಕನ್ನಡ ಅಂಕಿ ಇದ್ದರೆ 1956 ಎಂದು ಹುಡುಕಿದಾಗ ಬರದೇ ಇರಬಹುದು.

*ಕಣ್ಣಿಗೆ ಕಾಣದ ಅಕ್ಷರ.* ‘ಸಾಫ್ಟ್‌ವೇರ್’ ಮತ್ತು ‘ಸಾಫ್ಟ್ವೇರ್’ ನೋಡಿ. ಮೊದಲನೆಯದರಲ್ಲಿ ‘ಟ್’ ಆದ ಮೇಲೆ ಒಂದು ಅದೃಶ್ಯ ಗುರುತು ಇದೆ. ಒತ್ತಕ್ಷರ ಆಗದಂತೆ ತಡೆಯುವುದು ಅದರ ಕೆಲಸ. ಕೆಲವು ಕೀಬೋರ್ಡ್‌ಗಳು ಅದನ್ನು ತಾವೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಕ್ಯಾಟಲಾಗ್ ಅದನ್ನು ಕಡೆಗಣಿಸದಿದ್ದರೆ ಈ ಎರಡು ಪದ ಬೇರೆ ಬೇರೆ. ‘ರ‍್ಯಾಂಕ್’ ಥರದ ಪದಗಳಲ್ಲೂ ಇಂಥದೇ ಒಂದು ಗುರುತು ಅಡಗಿರುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿ ಅಂಟಿಸಿದಾಗ ಪದದ ಕೊನೆಯಲ್ಲಿ ಅದು ಅಂಟಿಕೊಂಡು ಬರುವುದೂ ಉಂಟು. ಅನುಮಾನ ಬಂದರೆ ಕಾಪಿ ಬೇಡ, ಕೈಯಾರೆ ಟೈಪ್ ಮಾಡಿ. ಇಲ್ಲವೇ ಆ ಜಾಗಕ್ಕೆ ಮೊದಲೇ ಕತ್ತರಿಸಿ: ಸಾಫ್ಟ*.

ಕಾಣದ ಭೇದ ಇನ್ನೊಂದಿದೆ. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರ್ ಬಳಸುವ ಸಂಕೇತ ಪದ್ಧತಿ) ಒಂದೇ ಸಂಕೇತವಾಗಿ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಒಳ್ಳೆಯ ತಂತ್ರಾಂಶ ಇವನ್ನು ಸಮ ಮಾಡಿಕೊಳ್ಳುತ್ತದೆ. ಮಾಡದಿದ್ದರೆ ಓದುಗರು ಮಾಡಬಹುದಾದ್ದು ಏನೂ ಇಲ್ಲ, ಆ ಪದ ಬಿಟ್ಟು ಶೀರ್ಷಿಕೆಯ ಇನ್ನೊಂದು ಪದದಿಂದ ಹುಡುಕಿ.

*ಲೈಬ್ರರಿ ಸಿಬ್ಬಂದಿಗೆ ಒಂದು ಮಾತು.* ನಿಮ್ಮಲ್ಲಿ ಕೋಹಾ ಎಂಬ ಲೈಬ್ರರಿ ತಂತ್ರಾಂಶ ಇದ್ದು, ಕನ್ನಡದ ಯಾವ ಪದ ಹಾಕಿದರೂ ಸೊನ್ನೆಯೋ ಅಸಂಬದ್ಧವೋ ಬರುತ್ತಿದ್ದರೆ ಅದರ ಹುಡುಕಾಟ ನಡೆಸುವ ಜೀಬ್ರಾ ಸೂಚಿಯ ಹೊಂದಿಕೆ ನೋಡಿ. ಅದರಲ್ಲಿ ‘ಸಿಎಚ್‌ಆರ್’, ‘ಐಸಿಯು’ ಎಂದು ಎರಡು ಆಯ್ಕೆ. ಇಂಗ್ಲಿಷ್ ಅಲ್ಲದ ಲಿಪಿಗಳಿಗೆ ಐಸಿಯು ಬೇಕು. ಬದಲಿಸಿದ ಮೇಲೆ ಪೂರ್ತಿ ಸೂಚಿಯನ್ನು ಮತ್ತೆ ಕಟ್ಟಬೇಕು, ಇಲ್ಲದಿದ್ದರೆ ಏನೂ ಬದಲಾಗಿಲ್ಲ ಅನಿಸುತ್ತದೆ.

ಲಕ್ಷಣ 2: ಪಿಡಿಎಫ್ ತೆರೆಯುತ್ತದೆ, ಒಳಗೆ ಪದ ಹುಡುಕಲು ಆಗುವುದಿಲ್ಲ

ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಕನ್ನಡ ಪ್ರಬಂಧ ಓದುವವರಿಗೆ ಇದು ದಿನನಿತ್ಯದ ಗೋಳು. ಪುಟದಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ. ‘ಕೆರೆ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ.

ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಮೂರರಲ್ಲಿ ಒಂದು ಆಗುತ್ತದೆ. ಕನ್ನಡವೇ ಬಂದರೆ ಅದು ಯೂನಿಕೋಡ್, ತೊಂದರೆ ಮೇಲೆ ಹೇಳಿದ ಕಾಗುಣಿತದ್ದು. ಏನೂ ಕಾಪಿ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಓಸಿಆರ್ (ಚಿತ್ರದಲ್ಲಿನ ಅಕ್ಷರವನ್ನು ಪಠ್ಯವಾಗಿ ಬದಲಿಸುವುದು) ಮಾಡದೆ ಹುಡುಕಲು ಬರುವುದಿಲ್ಲ. ಪೌಂಡ್ ಗುರುತು, ತಲೆ ಮೇಲೆ ಓರೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ಬಂದರೆ ಅದು ನುಡಿ ಅಥವಾ ಅಂಥದೇ ಹಳೆಯ ಫಾಂಟ್. ಅಲ್ಲಿ ಕನ್ನಡ ಬರೀ ವೇಷ, ಒಳಗೆ ಇರುವುದು ಇಂಗ್ಲಿಷ್ ಸಂಕೇತ.

ಮೂರನೆಯದಕ್ಕೆ ಒಳ್ಳೆಯ ಉಪಾಯ ಇದೆ. ಯೂನಿಕೋಡ್‌ನಿಂದ ನುಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಪದವನ್ನು ಅದರಲ್ಲಿ ಹಾಕಿ. ಬರುವ ಆ ಅರ್ಥವಿಲ್ಲದ ಅಕ್ಷರಗಳನ್ನೇ ಕಾಪಿ ಮಾಡಿ ಪಿಡಿಎಫ್‌ನ ಹುಡುಕು ಪೆಟ್ಟಿಗೆಗೆ ಅಂಟಿಸಿ. ನೋಡಲು ವಿಚಿತ್ರ, ಆದರೆ ಪದ ಇರುವ ಪುಟಕ್ಕೆ ನೇರ ಕರೆದುಕೊಂಡು ಹೋಗುತ್ತದೆ.

ಶೋಧಗಂಗಾದಲ್ಲಿ ಪ್ರಬಂಧವನ್ನೇ ಹುಡುಕುವಾಗ ಇನ್ನೊಂದು ತೊಡಕು. ಕನ್ನಡ ಪ್ರಬಂಧದ ಶೀರ್ಷಿಕೆ ಒಂದು ಕಡೆ ಕನ್ನಡ ಲಿಪಿಯಲ್ಲಿರುತ್ತದೆ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರಗಳಲ್ಲಿ, ಮತ್ತೊಂದು ಕಡೆ ಇಂಗ್ಲಿಷ್ ಅನುವಾದವಾಗಿ. ಪದದ ಬೆನ್ನು ಹತ್ತಿ ಸುಸ್ತಾದರೆ ಹುಡುಕು ಪೆಟ್ಟಿಗೆ ಬಿಟ್ಟುಬಿಡಿ. ವಿಶ್ವವಿದ್ಯಾಲಯ ಆರಿಸಿ, ಅದರೊಳಗೆ ಕನ್ನಡ ಅಥವಾ ಇತಿಹಾಸ ವಿಭಾಗ ಆರಿಸಿ, ಪಟ್ಟಿಯನ್ನು ಕಣ್ಣಾಡಿಸಿ. ನಿಧಾನ ಹೌದು. ಆದರೆ ನನಗೆ ಕೇಳಿದರೆ ಕನ್ನಡ ಪ್ರಬಂಧಗಳಿಗೆ ಇದಕ್ಕಿಂತ ನಂಬಿಕೆಯ ದಾರಿ ಇಲ್ಲ.

ಲಕ್ಷಣ 3: ವಿದೇಶಿ ಕ್ಯಾಟಲಾಗ್‌ನಲ್ಲಿ ಕನ್ನಡ ಪುಸ್ತಕ ಸಿಗುವುದಿಲ್ಲ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು. ಭಾರತಕ್ಕೆ ಗೋಧಿ ಕೊಟ್ಟದ್ದಕ್ಕೆ ಬಂದ ರೂಪಾಯಿಯಲ್ಲಿ ಇಲ್ಲಿನ ಪುಸ್ತಕ ಕೊಂಡು ಅಲ್ಲಿನ ಲೈಬ್ರರಿಗಳಿಗೆ ಕಳಿಸುವ ಯೋಜನೆ ಅದು, ಪಿಎಲ್ 480. ಅದರಿಂದಾಗಿ ಇಲ್ಲಿ ಎಲ್ಲೂ ಕಾಣದ ಅರವತ್ತರ ದಶಕದ ಕನ್ನಡ ಪುಸ್ತಕ ಅಲ್ಲಿನ ಯಾವುದೋ ವಿಶ್ವವಿದ್ಯಾಲಯದ ಕಪಾಟಿನಲ್ಲಿ ಇರುವುದುಂಟು. ಜಗತ್ತಿನ ಹಲವು ಲೈಬ್ರರಿಗಳ ಜಂಟಿ ಕ್ಯಾಟಲಾಗ್ ಆದ ವರ್ಲ್ಡ್‌ಕ್ಯಾಟ್‌ನಲ್ಲಿ ನೋಡಿದರೆ ಎಲ್ಲಿದೆ ಎಂದು ತಿಳಿಯುತ್ತದೆ, ಹುಡುಕಲು ಬಂದರೆ.

ತೊಡಕು ಏನೆಂದರೆ ಆ ಹಳೆಯ ದಾಖಲೆಗಳಲ್ಲಿ ಬಹುಪಾಲು ಕನ್ನಡ ಲಿಪಿಯೇ ಇಲ್ಲ. ಆಗಿನ ಲೈಬ್ರರಿ ಕಂಪ್ಯೂಟರ್ ಸಂಕೇತಗಳಲ್ಲಿ ಅರಬ್ಬಿ, ಚೀನಿ, ಹೀಬ್ರೂಗೆ ಜಾಗ ಇತ್ತು, ಭಾರತದ ಲಿಪಿಗಳಿಗೆ ಇರಲಿಲ್ಲ. ಎಲ್ಲವನ್ನೂ ಒಂದು ಕಟ್ಟುನಿಟ್ಟಿನ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ್ದಾರೆ. ಆ ಪದ್ಧತಿಗೂ ನಾವು ವಾಟ್ಸಾಪ್‌ನಲ್ಲಿ ಬರೆಯುವ ಕಂಗ್ಲಿಷಿಗೂ ಸಂಬಂಧ ಇಲ್ಲ.

‘ಚರಿತ್ರೆ’ ಎಂಬ ಒಂದೇ ಪದ ಹಿಡಿಯೋಣ. ನಾವು ‘ಚ’ಕ್ಕೆ ಸಿ, ಎಚ್ ಎರಡೂ ಹಾಕುತ್ತೇವೆ. ಆ ಪದ್ಧತಿಯಲ್ಲಿ ‘ಚ’ಕ್ಕೆ ಬರೀ ಸಿ, ಎಚ್ ಸೇರಿದರೆ ಅದು ಮಹಾಪ್ರಾಣ ‘ಛ’. ನಾವು ‘ತ’ಕ್ಕೆ ಟಿ, ಎಚ್ ಹಾಕುತ್ತೇವೆ. ಅಲ್ಲಿ ‘ತ’ಕ್ಕೆ ಬರೀ ಟಿ; ಎಚ್ ಸೇರಿದರೆ ‘ಥ’. ಹಾಗಾಗಿ ಸರಿಯಾದ ರೂಪ ಸಿ-ಎ-ಆರ್-ಐ-ಟಿ-ಆರ್-ಇ. ಇದರಲ್ಲಿ ಒಂದು ಎಚ್ ಸೇರಿದರೂ ಸೊನ್ನೆ.

ಉಳಿದ ಮುಖ್ಯ ಕಟ್ಟಳೆ ಇಷ್ಟು. ದೀರ್ಘಕ್ಕೆ ಅಕ್ಷರವನ್ನು ಎರಡು ಸಲ ಬರೆಯುವುದಿಲ್ಲ, ಮೇಲೆ ಗೆರೆ ಎಳೆಯುತ್ತಾರೆ. ಹುಡುಕುವಾಗ ಆ ಗೆರೆ, ಚುಕ್ಕಿಗಳನ್ನು ಹೆಚ್ಚಿನ ಕ್ಯಾಟಲಾಗ್‌ಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಕಾಲುವೆ’ಗೆ ಒಂದೇ ಎ ಸಾಕು. ಶ, ಷ, ಸ ಮೂರಕ್ಕೂ ಬರೀ ಎಸ್. ಚಿಹ್ನೆ ಮಾತ್ರ ಬೇರೆ. ‘ಶಾಸನ’ ಹುಡುಕಲು ಎಸ್-ಎ-ಎಸ್-ಎ-ಎನ್-ಎ. ‘ವಿಜ್ಞಾನ’ದ ಜ್ಞಕಾರಕ್ಕೆ ಜೆ, ಎನ್. ‘ಕೃಷ್ಣ’ದ ಋಕಾರಕ್ಕೆ ಬರೀ ಆರ್, ಪಕ್ಕದಲ್ಲಿ ಸ್ವರ ಬೇಡ. ಮೊದಮೊದಲು ಕಾಗದದ ಮೇಲೆ ಬರೆದುಕೊಂಡು ಟೈಪ್ ಮಾಡಿ. ನಾಲ್ಕು ಪದ ಆದ ಮೇಲೆ ಕೈ ಕೂರುತ್ತದೆ.

ಇದಕ್ಕೆ ಉಲ್ಟಾ ಸಂದರ್ಭವೂ ಇದೆ. ಬಿ. ಎಲ್. ರೈಸ್ 1886ರಲ್ಲಿ ಶುರು ಮಾಡಿದ ಶಾಸನ ಸಂಪುಟಗಳು, ಎಪಿಗ್ರಾಫಿಯಾ ಕರ್ನಾಟಿಕಾ. ಕೆರೆ ಕಟ್ಟಿಸಿದ, ಕೆರೆಗೆ ಭೂಮಿ ಬಿಟ್ಟ ಶಾಸನಗಳು ಅದರಲ್ಲಿ ಬೇಕಾದಷ್ಟಿವೆ. ಆದರೆ ಹೆಸರಿನ ಎರಡನೇ ಪದ ಶುರುವಾಗುವುದು ಕೆ ಅಕ್ಷರದಿಂದಲ್ಲ, ಸಿ ಅಕ್ಷರದಿಂದ. ಅದು ಲ್ಯಾಟಿನ್ ಶೈಲಿಯ ಹೆಸರು, ಲಿಪ್ಯಂತರದ ನಿಯಮ ಇಲ್ಲಿ ನಡೆಯುವುದಿಲ್ಲ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ ಭಾಷೆಯ ಹೆಸರೇ ‘ಕೆನರೀಸ್’. ಅದನ್ನೂ ಸಿ ಅಕ್ಷರದಲ್ಲಿ ಒಮ್ಮೆ, ಕೆ ಅಕ್ಷರದಲ್ಲಿ ಒಮ್ಮೆ ಹುಡುಕಬೇಕು.

ಲಕ್ಷಣ 4: ಲೇಖಕರ ಹೆಸರಿನಲ್ಲಿ ಅರ್ಧ ಪುಸ್ತಕ ಮಾತ್ರ

ಕುವೆಂಪು ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ. ವಿ. ಪುಟ್ಟಪ್ಪ. ಬೇಂದ್ರೆ ಒಂದು ಕಡೆ ಅಂಬಿಕಾತನಯದತ್ತ. ಇವನ್ನೆಲ್ಲ ಒಂದೇ ಹೆಸರಿನಡಿ ಕಟ್ಟುವ ಕೆಲಸವನ್ನು ಲೈಬ್ರರಿ ಮಾಡಿದ್ದರೆ ಸರಿ. ಮಾಡದಿದ್ದರೆ ಎರಡೂ ಹೆಸರು ಹಾಕಿ ನೋಡುವುದು ನಿಮ್ಮ ಪಾಲಿಗೆ.

ಇನಿಷಿಯಲ್ ಹಾಕಲೇಬೇಡಿ. ‘ಕೆ.ವಿ.ಪುಟ್ಟಪ್ಪ’ ಎಂದು ಜಾಗ ಬಿಡದೆ ಟೈಪ್ ಮಾಡಿದ್ದರೆ ಕೆಲವು ತಂತ್ರಾಂಶ ಅದನ್ನು ಒಂದೇ ಪದ ಅಂದುಕೊಳ್ಳುತ್ತದೆ. ವಿದೇಶಿ ಕ್ಯಾಟಲಾಗ್‌ಗಳಲ್ಲಿ ಇನ್ನೂ ತಮಾಷೆ. ಪುಸ್ತಕದ ಮೇಲೆ ಕನ್ನಡದಲ್ಲಿ ‘ಎಸ್.’ ಎಂದು ಅಚ್ಚಾಗಿದ್ದರೆ ಅದನ್ನು ಕನ್ನಡದ ಪದದಂತೆಯೇ ಲಿಪ್ಯಂತರ ಮಾಡುತ್ತಾರೆ. ಆಗ ಬರೀ ಎಸ್ ಬದಲು ಇ, ಎಸ್ ಎರಡಕ್ಷರ ಬರುತ್ತದೆ. ‘ಕೆ.’ ಇದ್ದಲ್ಲಿ ಕೆ, ಇ. ಕೊನೆಯ ಹೆಸರನ್ನಷ್ಟೇ ಹಾಕಿ, ಜೊತೆಗೆ ಶೀರ್ಷಿಕೆಯ ಒಂದು ಪದ ಸೇರಿಸಿ. ಅಷ್ಟು ಸಾಕು.

ಐಎಸ್‌ಬಿಎನ್ (ಪುಸ್ತಕಕ್ಕೆ ಪ್ರಕಟಣೆಯಲ್ಲೇ ಕೊಡುವ ಗುರುತಿನ ಸಂಖ್ಯೆ) ಇದ್ದರೆ ಹೆಸರಿನ ಗೋಜೇ ಬೇಡ. ಆದರೆ 2007ಕ್ಕಿಂತ ಹಿಂದಿನ ಪುಸ್ತಕದ ಮೇಲೆ ಹತ್ತಂಕಿಯ ಸಂಖ್ಯೆ ಇರುತ್ತದೆ. ಅದರ ಶುರುವಿಗೆ ಸುಮ್ನೆ 978 ಸೇರಿಸಿದರೆ ಸಾಲದು, ಕೊನೆಯ ಅಂಕಿಯೂ ಬದಲಾಗುತ್ತದೆ. ಪುಸ್ತಕದ ಮೇಲೆ ಇದ್ದಂತೆಯೇ ಮೊದಲು ಹಾಕಿ ನೋಡಿ.

ಲಕ್ಷಣ 5: ಹಳೆಯ ಕಾಲದ ಬರಹ ಬರುತ್ತಲೇ ಇಲ್ಲ

ಇಂಗ್ಲಿಷ್ ಡೇಟಾಬೇಸ್‌ನಲ್ಲಿ ‘ಕರ್ನಾಟಕ’ ಮತ್ತು ‘ಕೆರೆ ನೀರಾವರಿ’ಯ ಇಂಗ್ಲಿಷ್ ಪದ ಹಾಕಿದಿರಿ. ಬಂದದ್ದೆಲ್ಲ ಈಚಿನದು. 1960ರ ವರದಿ ಒಂದೂ ಇಲ್ಲ. ಕಾರಣ ಸರಳ: 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರೇ ಮೈಸೂರು. ಆಗಿನವರು ಮುಂದೆ ಬರುವ ಹೆಸರನ್ನು ಬರೆಯಲು ಸಾಧ್ಯವಿಲ್ಲ, ಅಲ್ವಾ?

ಇನ್ನೂ ಹಿಂದೆ ಹೋದರೆ ಹೆಸರಷ್ಟೇ ಅಲ್ಲ, ಆಡಳಿತವೇ ಬೇರೆ. ಬಳ್ಳಾರಿಯ ಕೆರೆಗಳ ದಾಖಲೆ 1953ರವರೆಗೆ ಮದ್ರಾಸಿನ ಕೆಳಗೆ. ಧಾರವಾಡದ್ದು ಬಾಂಬೆ ಕೆಳಗೆ, ಅದೂ ಇಂಗ್ಲಿಷಿನಲ್ಲಿ ‘ಧಾರ್ವಾರ್’ ಎಂಬ ಕಾಗುಣಿತದಲ್ಲಿ. ರಾಯಚೂರು, ಬೀದರ್ ಹೈದರಾಬಾದಿನ ಕೆಳಗೆ. ಕೊಡಗು ‘ಕೂರ್ಗ್’ ಆಗಿ ಪ್ರತ್ಯೇಕ. ಮಂಗಳೂರಿನ ಕಡೆಯದು ‘ಸೌತ್ ಕೆನರಾ’. ಮೊದಲು ನಿಮ್ಮ ಊರು ಆ ವರ್ಷದಲ್ಲಿ ಯಾರ ಕೆಳಗಿತ್ತು ಎಂದು ನೋಡಿಕೊಂಡು ಆಮೇಲೆ ಹುಡುಕಿ.

ಈಚಿನ ಬದಲಾವಣೆಯನ್ನೂ ಮರೆಯಬೇಡಿ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ‘ಬ್ಯಾಂಗಲೋರ್’, ‘ಬೆಂಗಳೂರು’ ಎರಡನ್ನೂ ‘ಆರ್’ (OR, ಅಂದರೆ ‘ಅಥವಾ’) ಎಂಬ ಇಂಗ್ಲಿಷ್ ಜೋಡಣೆ ಪದದಿಂದ ಸೇರಿಸಿ ಹುಡುಕಬೇಕು. ಒಂದನ್ನೇ ಹಾಕಿದರೆ ಆ ತಾರೀಖಿನ ಆಚೆ ಈಚೆ ಒಂದು ಕಡೆಯದು ತಪ್ಪಿಹೋಗುತ್ತದೆ.

ಲಕ್ಷಣ 6: ಸಾವಿರಾರು ಬಂತು, ಬೇಕಾದದ್ದು ಒಂದೂ ಇಲ್ಲ

ನಮ್ಮ ಇಂಗ್ಲಿಷಿನಲ್ಲಿ ಕೆರೆ ಎಂದರೆ ‘ಟ್ಯಾಂಕ್’. ಅದನ್ನು ಸಂಶೋಧನಾ ಲೇಖನಗಳ ಡೇಟಾಬೇಸ್‌ಗಳಾದ ಸ್ಕೋಪಸ್‌ನಲ್ಲೋ ವೆಬ್ ಆಫ್ ಸೈನ್ಸ್‌ನಲ್ಲೋ ಒಂಟಿಯಾಗಿ ಹಾಕಿದರೆ ಯುದ್ಧದ ಟ್ಯಾಂಕು, ಪೆಟ್ರೋಲ್ ಟ್ಯಾಂಕು, ಮೀನಿನ ತೊಟ್ಟಿ ಎಲ್ಲ ಬರುತ್ತದೆ. ಕೊನೆಗೆ ನಕ್ಷತ್ರ ಹಾಕಿದಿರೋ, ‘ಟ್ಯಾಂಕರ್’ ಕೂಡ ಬಂತು. ಬೆಂಗಳೂರಿನವರಿಗೆ ಅದೂ ತೀರ ಬೇರೆ ವಿಷಯ ಏನಲ್ಲ ಬಿಡಿ.

ಮೊದಲ ಮದ್ದು ಕೋಟ್ ಗುರುತು. ‘ಟ್ಯಾಂಕ್ ಇರಿಗೇಶನ್’ ಎಂಬ ಎರಡು ಪದವನ್ನು ಜೋಡಿ ಕೋಟ್ ಒಳಗೆ ಹಾಕಿದರೆ ಅವು ಅಕ್ಕಪಕ್ಕ ಇರುವುದು ಮಾತ್ರ ಬರುತ್ತದೆ. ಇದು ತೀರ ಬಿಗಿಯಾಯಿತು ಅನಿಸಿದರೆ ಹತ್ತಿರದ ಹುಡುಕಾಟ ಮಾಡಿ: ಎರಡು ಪದಗಳ ನಡುವೆ ಐದು ಪದದಷ್ಟು ಅಂತರ ಇದ್ದರೂ ಆಗಲಿ ಎಂದು ಹೇಳುವುದು. ಎಬ್ಸ್ಕೋ ಎಂಬ ಡೇಟಾಬೇಸ್‌ನಲ್ಲಿ ಅದಕ್ಕೆ ‘ಎನ್5’, ಸ್ಕೋಪಸ್‌ನಲ್ಲಿ ‘ಡಬ್ಲ್ಯು/5’, ವೆಬ್ ಆಫ್ ಸೈನ್ಸ್‌ನಲ್ಲಿ ‘ನಿಯರ್/5’, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಒಂದರ ಗುರುತು ಇನ್ನೊಂದರಲ್ಲಿ ನಡೆಯುವುದಿಲ್ಲ.

‘ನಾಟ್’ (NOT, ಅಂದರೆ ‘ಇದು ಬೇಡ’) ಬಳಸುವುದರಲ್ಲಿ ಮಾತ್ರ ಹುಷಾರು. ಯುದ್ಧದ ಟ್ಯಾಂಕು ಬೇಡ ಎಂದು ‘ನಾಟ್ ಮಿಲಿಟರಿ’ ಹಾಕುತ್ತೀರಿ. ಬೆಂಗಳೂರಿನ ದಂಡು ಪ್ರದೇಶದ ಪಕ್ಕದ ಹಲಸೂರು ಕೆರೆಯ ಲೇಖನದಲ್ಲಿ ಮಿಲಿಟರಿ ಎಂಬ ಪದ ಬರದೇ ಇರುತ್ತದಾ? ಅದೂ ಹೊರಟುಹೋಗುತ್ತದೆ, ಹೋಯಿತೆಂದು ನಿಮಗೆ ಗೊತ್ತೂ ಆಗುವುದಿಲ್ಲ. ತೆಗೆಯುವುದಕ್ಕಿಂತ ಸೇರಿಸಿ ಕಿರಿದು ಮಾಡುವುದು ವಾಸಿ: ಊರಿನ ಹೆಸರು ಸೇರಿಸಿ, ಶೀರ್ಷಿಕೆ ಫೀಲ್ಡ್‌ಗೆ ಮಾತ್ರ ಸೀಮಿತ ಮಾಡಿ.

ಎಲ್ಲಕ್ಕಿಂತ ನನಗೆ ಇಷ್ಟವಾದ ದಾರಿ ಬೇರೆ. ನೂರರಲ್ಲಿ ಒಂದು ಸರಿಯಾದ ದಾಖಲೆ ಸಿಕ್ಕಿತಲ್ಲ, ಅದನ್ನು ತೆರೆಯಿರಿ. ಅದರ ವಿಷಯ ಶೀರ್ಷಿಕೆಗಳಲ್ಲಿ ಒಂದನ್ನು ಒತ್ತಿ. ಅದೇ ವಿಷಯದಡಿ ಇಟ್ಟ ಬೇರೆಲ್ಲವೂ ಬರುತ್ತವೆ, ಶೀರ್ಷಿಕೆಯಲ್ಲಿ ನಿಮ್ಮ ಪದ ಇರಲಿ ಬಿಡಲಿ. ಗೂಗಲ್ ಸ್ಕಾಲರ್‌ನಲ್ಲಿ ಈ ಕೆಲಸಕ್ಕೆ ‘ಸೈಟೆಡ್ ಬೈ’ ಇದೆ. ಆ ಲೇಖನವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದರು ಎಂದು ತೋರಿಸುತ್ತದೆ. ಅಂದ ಹಾಗೆ ಗೂಗಲ್ ಸ್ಕಾಲರ್‌ನಲ್ಲಿ ನಕ್ಷತ್ರ ಚಿಹ್ನೆ ಪದ ಕತ್ತರಿಸಲು ಕೆಲಸ ಮಾಡುವುದಿಲ್ಲ, ಎಷ್ಟೇ ಲಕ್ಷ ಸಿಕ್ಕಿದೆ ಎಂದರೂ ತೋರಿಸುವುದು ಮೊದಲ ಸಾವಿರ ಮಾತ್ರ.

ಲಕ್ಷಣ 7: ಒಂದೇ ಹುಡುಕಾಟ, ಎರಡು ಕಡೆ ಎರಡು ಉತ್ತರ

‘ಕೆರೆ ಆರ್ ಟ್ಯಾಂಕ್ ಆಂಡ್ ಮೈಸೂರ್’ ಎಂದು ಬ್ರಾಕೆಟ್ ಇಲ್ಲದೆ ಹಾಕಿದಿರಿ ಎನ್ನಿ. ಸ್ಕೋಪಸ್ ಮೊದಲು ‘ಆರ್’ ಬಿಡಿಸುತ್ತದೆ. ವೆಬ್ ಆಫ್ ಸೈನ್ಸ್ ಮೊದಲು ‘ಆಂಡ್’ ಬಿಡಿಸುತ್ತದೆ. ವೈದ್ಯಕೀಯ ಲೇಖನಗಳ ಡೇಟಾಬೇಸ್ ಆದ ಪಬ್‌ಮೆಡ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ. ಹಾಗಾಗಿ ಒಂದು ಕಡೆ ಮೈಸೂರಿನ ಕೆರೆಗಳು ಬಂದರೆ ಇನ್ನೊಂದು ಕಡೆ ಜಗತ್ತಿನಲ್ಲಿ ‘ಕೆರೆ’ ಎಂಬ ಅಕ್ಷರಗಳು ಎಲ್ಲೆಲ್ಲಿವೆಯೋ ಅದೆಲ್ಲ ಬರುತ್ತದೆ. ‘ಆರ್’ ಗುಂಪನ್ನು ಯಾವಾಗಲೂ ಬ್ರಾಕೆಟ್‌ನಲ್ಲಿ ಕಟ್ಟಿ: (ಕೆರೆ ಆರ್ ಟ್ಯಾಂಕ್) ಆಂಡ್ (ಮೈಸೂರ್ ಆರ್ ಕರ್ನಾಟಕ). ಜೋಡಣೆ ಪದಗಳನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ಪಬ್‌ಮೆಡ್‌ಗೆ ಅದು ಕಡ್ಡಾಯ, ಉಳಿದ ಕಡೆ ನಷ್ಟವೇನಿಲ್ಲ.

ಪಬ್‌ಮೆಡ್‌ಗೆ ಇನ್ನೊಂದು ಗುಣ ಇದೆ. ನೀವು ಹಾಕಿದ ಪದಕ್ಕೆ ತನ್ನ ವಿಷಯಪಟ್ಟಿಯ ಪದವನ್ನು ಅದೇ ಹುಡುಕಿ ಸೇರಿಸಿಕೊಳ್ಳುತ್ತದೆ. ಕೋಟ್ ಅಥವಾ ನಕ್ಷತ್ರ ಹಾಕಿದ ಕೂಡಲೇ ಆ ಸಹಾಯ ನಿಲ್ಲುತ್ತದೆ. ಮಂಗನ ಕಾಯಿಲೆಯ ಬಗ್ಗೆ ಹುಡುಕುವವರು ‘ಮಂಕಿ ಫೀವರ್’ ಎಂದು ಕೋಟ್‌ನಲ್ಲಿ ಹಾಕಿ ಸ್ವಲ್ಪವೇ ಸಿಕ್ಕಿತು ಎನ್ನುತ್ತಾರೆ. ಅದರ ಅಧಿಕೃತ ವಿಷಯಪದ ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’, ಶಿವಮೊಗ್ಗದ ಕಾಡಿನ ಹೆಸರು. ಅದರಿಂದ ಹುಡುಕಿ, ವ್ಯತ್ಯಾಸ ನೋಡಿ. ನಿಮ್ಮ ಪದವನ್ನು ಪಬ್‌ಮೆಡ್ ಹೇಗೆ ಅರ್ಥ ಮಾಡಿಕೊಂಡಿತು ಎಂದು ‘ಅಡ್ವಾನ್ಸ್‌ಡ್’ ಪುಟದ ಇತಿಹಾಸದಲ್ಲಿ ಬಿಡಿಸಿ ತೋರಿಸುತ್ತದೆ. ಉತ್ತರ ವಿಚಿತ್ರ ಅನಿಸಿದಾಗಲೆಲ್ಲ ಮೊದಲು ಅಲ್ಲಿ ನೋಡಿ.

ಲಕ್ಷಣ 8: ದಾಖಲೆ ಸಿಕ್ಕಿತು, ಕೈಗೆ ಬರಲಿಲ್ಲ

ಲೇಖನ ತೆರೆದರೆ ದುಡ್ಡು ಕೇಳುತ್ತಿದೆಯಾ? ನೀವು ಯಾವ ನೆಟ್‌ವರ್ಕ್‌ನಲ್ಲಿದ್ದೀರಿ ನೋಡಿ. ಕ್ಯಾಂಪಸ್ಸಿನ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬಂದರೆ ಪ್ರಕಾಶಕರಿಗೆ ನೀವು ಅಪರಿಚಿತರು. ಮನೆಯಿಂದ ಲಾಗಿನ್ ಆಗುವ ವ್ಯವಸ್ಥೆ ಇದೆಯಾ ಎಂದು ಲೈಬ್ರರಿಯಲ್ಲಿ ಕೇಳಿ. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 2025ರ ಜನವರಿ 1ರಿಂದ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ಅದು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ನಿಮ್ಮ ಕಾಲೇಜು ಸರ್ಕಾರಿಯಾಗಿದ್ದರೆ ನೋಂದಣಿ ಆಗಿದೆಯಾ ವಿಚಾರಿಸಿ. ಜರ್ನಲ್‌ಗಳ ಹಳೆಯ ಸಂಚಿಕೆಗಳ ಸಂಗ್ರಹವಾದ ಜೆಸ್ಟೋರ್‌ನಲ್ಲಿ ಮಾತ್ರ ತೀರ ಈಚಿನ ಸಂಚಿಕೆ ಕಾಣದಿದ್ದರೆ ಅದು ದೋಷವಲ್ಲ. ಹಲವು ಪತ್ರಿಕೆಗಳ ಕೊನೆಯ ಮೂರರಿಂದ ಐದು ವರ್ಷ ಅಲ್ಲಿ ಇರುವುದೇ ಇಲ್ಲ.

ಪುಸ್ತಕ ‘ಲಭ್ಯ’ ಎಂದು ತೋರಿಸುತ್ತದೆ, ಕಪಾಟಿನಲ್ಲಿ ಇಲ್ಲ. ಪುಸ್ತಕಗಳನ್ನು ವಿಷಯವಾರು ಅಂಕಿಗಳಲ್ಲಿ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814ರ ಕೆಳಗೆ ಬರುತ್ತದೆ. ಕೆರೆಯ ಪುಸ್ತಕ ನೀರಾವರಿಯಲ್ಲೂ ಇರಬಹುದು, ಇತಿಹಾಸದಲ್ಲೂ ಇರಬಹುದು. ಕರೆ ಸಂಖ್ಯೆಯನ್ನು (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಕಾಲ್ ನಂಬರ್) ಪೂರ್ತಿ ಬರೆದುಕೊಳ್ಳಿ, ದಶಮಾಂಶದ ಆಚೆಯದನ್ನೂ. ಆ ಜಾಗದ ಎಡಬಲ ಎರಡೆರಡು ಸಾಲು, ಮೇಲೆ ಕೆಳಗೆ ಒಂದೊಂದು ಹಲಗೆ ನೋಡಿ. ಅಲ್ಲೂ ಇಲ್ಲವೆಂದರೆ ಓದುವ ಮೇಜು, ವಾಪಸ್ ಬಂದ ರಾಶಿ, ಬೈಂಡಿಂಗ್ ಪಟ್ಟಿ ಈ ಮೂರನ್ನು ಕೇಳಿ. ತೆಳ್ಳನೆಯ ಹಳೆಯ ಪುಸ್ತಕಗಳನ್ನು ಒಂದೇ ರಟ್ಟಿನಲ್ಲಿ ಸೇರಿಸಿ ಕಟ್ಟಿಸುವುದೂ ಇದೆ. ಆಗ ಬೆನ್ನಿನ ಮೇಲೆ ಬೇರೆಯದೇ ಹೆಸರು ಇರುತ್ತದೆ.

ಕೌಂಟರ್‌ಗೆ ಹೋಗುವ ಮೊದಲು

‘ಏನೂ ಸಿಗ್ತಿಲ್ಲ ಸರ್’ ಎಂದರೆ ಅವರಿಗೂ ಏನೂ ತಿಳಿಯುವುದಿಲ್ಲ. ಯಾವ ಡೇಟಾಬೇಸ್, ಯಾವ ಫೀಲ್ಡ್, ಟೈಪ್ ಮಾಡಿದ ಸಾಲು ಇದ್ದ ಹಾಗೇ, ಎಷ್ಟು ಫಲಿತಾಂಶ ಬಂತು, ಇವನ್ನು ಚೀಟಿಯಲ್ಲಿ ಬರೆದು ಒಯ್ಯಿರಿ. ಪುಸ್ತಕದ ಸುಳಿವು ಎಲ್ಲಿ ಸಿಕ್ಕಿತು ಎನ್ನುವುದನ್ನೂ ಬರೆಯಿರಿ. ಎಷ್ಟೋ ಸಲ ದೋಷ ಇರುವುದು ನಿಮಗೆ ಸುಳಿವು ಕೊಟ್ಟ ಅಡಿಟಿಪ್ಪಣಿಯಲ್ಲೇ.

ದಾಖಲೆಯಲ್ಲೇ ತಪ್ಪು ಕಂಡರೆ, ಉದಾಹರಣೆಗೆ ‘ಕೆರೆ’ ‘ಕರೆ’ ಆಗಿದ್ದರೆ, ಬೇರೆ ದಾರಿಯಿಂದ ಪುಸ್ತಕ ಸಿಕ್ಕಿತೆಂದು ಸುಮ್ನೆ ಬರಬೇಡಿ. ಪುಸ್ತಕದ ಅಕ್ಸೆಷನ್ ನಂಬರ್ (ಆ ಪ್ರತಿಗೆ ಲೈಬ್ರರಿ ಕೊಟ್ಟ ಸಂಖ್ಯೆ) ಮತ್ತು ತಪ್ಪಾದ ಪದ, ಎರಡನ್ನು ಬರೆದು ಕೊಡಿ. ತಿದ್ದುವುದಕ್ಕೆ ಅಷ್ಟೇ ಸಾಕು.